ಎಕ್ಸಲೇಟರ್ ತಿರುವೋದು ಎಲ್ಲರಿಗೂ ಗೊತ್ತು, ಹಿಡಿಯೋದು?

ಹೋದ ಸೆಮಿಸ್ಟರ್ ಪರೀಕ್ಷೆ ಮುಗಿದ ಮಾರನೇ ದಿನ ಬೆಳಿಗ್ಗೆ ನಾನೂ ನನ್ನ ರೂಮ್‌ಮೇಟೂ ಬೆಂಗಳೂರಿಂದ ದಾವಣಗೆರೆಗೆ ಬೈಕಲ್ಲಿ ಹೊರಟೆವು. ಸುಮಾರು 260 ಕಿ.ಮೀ. ದಾರಿ. 150 ಸಿಸಿ ಗಾಡಿ, ಹಿಂದೆ ಅವನು, ಅವನ ಬೆನ್ನಿಗೆ ಬಟ್ಟೆ ಬ್ಯಾಗು. ತುಮಕೂರು ದಾಟುವವರೆಗೂ ಎಲ್ಲ ಚೆನ್ನಾಗಿತ್ತು. ಶಿರಾ ಆದ ಮೇಲೆ ನನ್ನ ಬಲಗೈಯ ಕಿರುಬೆರಳು ಜೋಮು ಹಿಡಿಯಿತು, ಆಮೇಲೆ ಉಂಗುರಬೆರಳು. "ಇನ್ನೇನು ಹಿರಿಯೂರು ಬಂತಲ್ಲ, ಅಲ್ಲೇ ಟೀ ಕುಡಿಯೋಣ" ಅಂತ ನಿಲ್ಲಿಸದೆ ಹಾಗೇ ಎಳೆದೆ.

ಹಿರಿಯೂರಿಗೆ ಇನ್ನು ಸ್ವಲ್ಪ ದೂರ ಇರುವಾಗ ಡಿವೈಡರ್ ಸಂದಿಯಿಂದ ಒಂದು ಟ್ರ್ಯಾಕ್ಟರ್ ಅಡ್ಡ ಬಂತು. ಕಣ್ಣು ನೋಡಿತು, ತಲೆ ಬ್ರೇಕ್ ಅಂದಿತು, ಆದರೆ ಬೆರಳು ಲಿವರ್ ಮೇಲೆ ಕೂತಿದೆಯೋ ಇಲ್ಲವೋ ಅನ್ನೋದೇ ಗೊತ್ತಾಗಲಿಲ್ಲ. ಹಿಂದಿನ ಬ್ರೇಕ್ ಒತ್ತಿ, ಎಡಕ್ಕೆ ಮಣ್ಣಿಗೆ ಇಳಿಸಿ, ಹೇಗೋ ಬೀಳದೆ ನಿಂತೆವು.

"ಲೇ, ಮುಂದಿನ ಬ್ರೇಕ್ ಯಾಕಲೇ ಹಿಡೀಲಿಲ್ಲ?"

"ಕೈಯಿಗೆ ಜೀವನೇ ಇರ್ಲಿಲ್ಲ ಕಣೋ."

ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಬೆರಳು ಒಂದು ಸೆಕೆಂಡ್ ತಡ ಮಾಡಿದರೆ ಗಾಡಿ ಎರಡು ಬಸ್ಸಿನ ಉದ್ದ ಮುಂದೆ ಹೋಗಿರುತ್ತೆ. ಆ ದಿನ ಆ 22 ಮೀಟರ್ ನಮಗೆ ರಸ್ತೆ ಪಕ್ಕದ ಮಣ್ಣಲ್ಲಿ ಸಿಕ್ಕಿತು, ಅಷ್ಟೇ.

ಊರಿಗೆ ಹೋಗಿ ಇದನ್ನ ಮಾವನಿಗೆ ಹೇಳಿದೆ. ಮಾವ ಬಸ್ ಡ್ರೈವರ್ ಆಗಿದ್ದು ರಿಟೈರ್ ಆದವರು. ಬಯ್ಯಲಿಲ್ಲ. "ಅಳಿಯಾ, ನೀನು ಎಕ್ಸಲೇಟರ್ ತಿರುವೋದು ಕಲ್ತಿದೀಯ, ಹಿಡಿಯೋದು ಕಲ್ತಿಲ್ಲ" ಅಂದರು. ನಾನು ಮೆಕ್ಯಾನಿಕಲ್ ಐದನೇ ಸೆಮಿಸ್ಟರ್. ಸ್ವಲ್ಪ ಕೋಪ ಬಂತು. ಆಮೇಲೆ ಕೂತು ಲೆಕ್ಕ ಹಾಕಿದಾಗ ಅವರು ಹೇಳಿದ್ದು ಪೂರ್ತಿ ಸರಿ ಅಂತ ಗೊತ್ತಾಯಿತು. ಆ ಲೆಕ್ಕವೇ ಈ ಪಾಠ. ಹಬ್ಬಕ್ಕೆ, ರಜೆಗೆ, ಟ್ರಿಪ್ಪಿಗೆ ಅಂತ ನಮ್ಮಲ್ಲಿ ಎಷ್ಟೋ ಜನ ಬೈಕಲ್ಲೇ ಊರಿಗೆ ಹೋಗ್ತೀವಿ. ಹೊರಡೋ ಮುಂಚೆ ಒಮ್ಮೆ ಓದಿಬಿಡಿ.

1. ಸಮ ಅಂದರೆ ಯಾವುದು ಸಮ?

ಮೊದಲು ಪದ ಸರಿ ಮಾಡಿಕೊಳ್ಳೋಣ. ನಾವು ಎಕ್ಸಲೇಟರ್ ಅನ್ನೋದನ್ನ ಪುಸ್ತಕ ಥ್ರಾಟಲ್ ಅನ್ನುತ್ತೆ. ಹಿಡಿಯನ್ನು ತಿರುವಿದರೆ ಒಂದು ಕೇಬಲ್ ಎಳೆಯುತ್ತೆ, ಆ ಕೇಬಲ್ ಎಂಜಿನ್‌ಗೆ ಗಾಳಿ ಹೋಗುವ ದಾರಿಯ ಬಾಗಿಲನ್ನು ತೆರೆಯುತ್ತೆ. ಅಂದರೆ ನಮ್ಮ ಕೈಯಲ್ಲಿರುವುದು ನೇರವಾಗಿ ಪೆಟ್ರೋಲ್ ಅಲ್ಲ, ಗಾಳಿ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ನಮ್ಮ ಬಹುತೇಕ ಗಾಡಿಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಬಾಗಿಲು ಎಷ್ಟು ತೆರೆದಿದೆ ಅಂತ ಸೆನ್ಸರ್ ನೋಡಿ ಹೇಳುತ್ತೆ, ಅದಕ್ಕೆ ತಕ್ಕ ಪೆಟ್ರೋಲನ್ನು ಇಸಿಯು ಸಿಂಪಡಿಸುತ್ತೆ.

ಈಗ ಪ್ರಶ್ನೆ: ಸಮವಾಗಿ ಹಿಡಿಯೋದು ಅಂದರೆ ಥ್ರಾಟಲ್ ಕದಲದೆ ಇರೋದಾ, ವೇಗ ಬದಲಾಗದೆ ಇರೋದಾ? ಸಪಾಟು ರಸ್ತೆಯಲ್ಲಿ, ಗಾಳಿ ಇಲ್ಲದಾಗ ಎರಡೂ ಒಂದೇ. ಏರು ಬಂದ ಕೂಡಲೇ ಎರಡೂ ಬೇರೆ ಆಗುತ್ತವೆ. ಥ್ರಾಟಲ್ ಹಾಗೇ ಇಟ್ಟರೆ ವೇಗ ಇಳಿಯುತ್ತೆ, ವೇಗ ಹಾಗೇ ಇರಬೇಕು ಅಂದರೆ ಥ್ರಾಟಲ್ ಕೊಡಬೇಕು.

ಎಷ್ಟು ವ್ಯತ್ಯಾಸ? ಗಾಡಿ, ಸವಾರ, ಬ್ಯಾಗು ಎಲ್ಲ ಸೇರಿ 220 ಕಿಲೋ ಅಂತ ಇಟ್ಟುಕೊಳ್ಳಿ. ನೂರು ಮೀಟರಿಗೆ ಒಂದು ಮೀಟರ್ ಏರಿದರೂ ಹಿಂದಕ್ಕೆ ಎಳೆಯುವ ಬಲ ಸುಮಾರು 22 ನ್ಯೂಟನ್ ಹೆಚ್ಚಾಗುತ್ತೆ. ಅಷ್ಟು ಸಣ್ಣ ಏರು ಕಣ್ಣಿಗೆ ಕಾಣೋದೂ ಇಲ್ಲ. "ಗಾಡಿ ಯಾಕೋ ಎಳೀತಿಲ್ಲ" ಅಂತ ನಾವು ಮೆಕ್ಯಾನಿಕ್‌ಗೆ ಬೈಯುವುದು ಇಂಥ ಕಡೆಯೇ.

ದೂರದ ಸವಾರಿಗೆ ಒಳ್ಳೆಯದು ಇವೆರಡರ ನಡುವಿನ ದಾರಿ. ಸಣ್ಣ ಏರಲ್ಲಿ ವೇಗ ಐದಾರು ಕಿ.ಮೀ. ಇಳಿದರೆ ಇಳಿಯಲಿ, ಇಳುಕಲಿನಲ್ಲಿ ಅದು ತಾನಾಗಿ ವಾಪಸ್ ಬರುತ್ತೆ. ಸ್ಪೀಡೋಮೀಟರ್ ಮುಳ್ಳನ್ನು ಒಂದೇ ಗೆರೆಗೆ ಅಂಟಿಸಲು ಹೋದರೆ ಮಣಿಕಟ್ಟಿಗೆ ದಿನವಿಡೀ ಕೆಲಸ.

2. ಗಾಳಿಯ ಲೆಕ್ಕ

ಗಾಡಿಯನ್ನು ಹಿಂದಕ್ಕೆ ಎಳೆಯುವ ಮುಖ್ಯ ಬಲಗಳು ಎರಡು: ಟೈರಿನ ಉರುಳು ಪ್ರತಿರೋಧ ಮತ್ತು ಗಾಳಿ. ಮೊದಲನೆಯದು ವೇಗ ಬದಲಾದರೂ ಹೆಚ್ಚು ಕಡಿಮೆ ಅಷ್ಟೇ ಇರುತ್ತೆ. ಎರಡನೆಯದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಪರೀಕ್ಷೆಗೆ ಓದಿ ಮರೆತ ಸೂತ್ರವೇ: ಅರ್ಧ, ಗುಣಿಸು ಗಾಳಿಯ ಸಾಂದ್ರತೆ, ಗುಣಿಸು ಡ್ರ್ಯಾಗ್ ಗುಣಾಂಕ ಮತ್ತು ಎದುರಿನ ವಿಸ್ತೀರ್ಣ, ಗುಣಿಸು ವೇಗದ ವರ್ಗ.

ನಮ್ಮ ಪ್ರಸ್ಥಭೂಮಿಯ ಎತ್ತರಕ್ಕೆ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.1 ಕಿಲೋ, ನೆಟ್ಟಗೆ ಕೂತ ಸವಾರನಿಗೆ ಗುಣಾಂಕ ಮತ್ತು ವಿಸ್ತೀರ್ಣದ ಗುಣಲಬ್ಧ 0.6 ಚದರ ಮೀಟರ್, ಉರುಳು ಪ್ರತಿರೋಧ 32 ನ್ಯೂಟನ್ ಅಂತ ಹಿಡಿದರೆ ಹೀಗೆ ಬರುತ್ತೆ:

• 60 ಕಿ.ಮೀ. ವೇಗ: ಗಾಳಿ 92 ನ್ಯೂಟನ್, ಒಟ್ಟು 124 ನ್ಯೂಟನ್, ಬೇಕಾದ ಶಕ್ತಿ ಸುಮಾರು 2.1 ಕಿಲೋವ್ಯಾಟ್

• 70 ಕಿ.ಮೀ. ವೇಗ: ಗಾಳಿ 125, ಒಟ್ಟು 157 ನ್ಯೂಟನ್, 3.1 ಕಿಲೋವ್ಯಾಟ್

• 80 ಕಿ.ಮೀ. ವೇಗ: ಗಾಳಿ 163, ಒಟ್ಟು 195 ನ್ಯೂಟನ್, 4.3 ಕಿಲೋವ್ಯಾಟ್

• 100 ಕಿ.ಮೀ. ವೇಗ: ಗಾಳಿ 255, ಒಟ್ಟು 287 ನ್ಯೂಟನ್, 8 ಕಿಲೋವ್ಯಾಟ್

60ರಿಂದ 80ಕ್ಕೆ ಹೋದರೆ ವೇಗ ಮೂರನೇ ಒಂದು ಪಾಲು ಹೆಚ್ಚು, ಶಕ್ತಿ ಮಾತ್ರ ಎರಡರಷ್ಟು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 33 ಮೆಗಾಜೂಲ್ ಇದೆ, ಅದರ ಕಾಲು ಭಾಗ ಚಕ್ರಕ್ಕೆ ಮುಟ್ಟುತ್ತೆ ಅಂತ ಒರಟಾಗಿ ಹಿಡಿದರೆ ಮೈಲೇಜು 60ರಲ್ಲಿ 66, 70ರಲ್ಲಿ 52, 80ರಲ್ಲಿ 42, 100ರಲ್ಲಿ 29. ನಿಮ್ಮ ಗಾಡಿಯ ಅಂಕಿ ಬೇರೆ ಇರಬಹುದು, ಇಳಿಯುವ ರೀತಿ ಇದೇ.

ದಾವಣಗೆರೆ ದಾರಿಗೆ ಇದನ್ನ ಹಚ್ಚೋಣ. 260 ಕಿ.ಮೀ.ಗೆ 70ರಲ್ಲಿ 3 ಗಂಟೆ 43 ನಿಮಿಷ, 80ರಲ್ಲಿ 3 ಗಂಟೆ 15 ನಿಮಿಷ. ಉಳಿಯೋದು 28 ನಿಮಿಷ. ಅದಕ್ಕೆ ಕೊಡೋದು ಒಂದೂ ಕಾಲು ಲೀಟರ್ ಪೆಟ್ರೋಲ್, ಜೊತೆಗೆ ಜೋಮು ಹಿಡಿದ ಕೈ. ನಾಲ್ಕು ಪಥದ, ಡಿವೈಡರ್ ಇರುವ ಹೆದ್ದಾರಿಯಲ್ಲೂ ಬೈಕಿಗೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದ ಮಿತಿ 80. ಬೋರ್ಡಿನಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ಅದೇ ಮಿತಿ.

3. ಪೆಟ್ರೋಲ್ ಸೋರುವುದು ಎಲ್ಲಿ?

"ಥ್ರಾಟಲ್ ಸಮ ಇಟ್ಟರೆ ಮೈಲೇಜು ಬರುತ್ತೆ" ಅಂತ ಎಲ್ಲರೂ ಹೇಳ್ತಾರೆ. ಯಾಕೆ ಅಂತ ಕೇಳಿದರೆ "ಹಂಗೇ ಮಗಾ" ಅಂತಾರೆ. ಬನ್ನಿ, ನೋಡೋಣ.

ಒಬ್ಬ ಅರ್ಧ ದೂರ 60ರಲ್ಲಿ, ಅರ್ಧ ದೂರ 80ರಲ್ಲಿ ಹೋದ. ಅವನ ಸರಾಸರಿ ವೇಗ 70 ಅಲ್ಲ, 68.6. ಅವನಿಗೆ ಸಿಕ್ಕ ಸರಾಸರಿ ಗಾಳಿಯ ಬಲ 127 ನ್ಯೂಟನ್. ಇನ್ನೊಬ್ಬ ಪೂರ್ತಿ ದೂರ 68.6ರಲ್ಲೇ ಹೋದ. ಅವನಿಗೆ ಸಿಕ್ಕಿದ್ದು 120. ಇಬ್ಬರೂ ಒಂದೇ ಹೊತ್ತಿಗೆ ಊರು ಸೇರಿದರು, ಗಾಳಿಯ ಲೆಕ್ಕದಲ್ಲಿ ವ್ಯತ್ಯಾಸ ನೂರಕ್ಕೆ ಆರು ಮಾತ್ರ. ವರ್ಗದ ನಿಯಮದಿಂದ ಬರುವ ನಷ್ಟ ಇಷ್ಟೇ. ನಾನೂ ಇದು ಹೆಚ್ಚಿರುತ್ತೆ ಅಂತ ಅಂದುಕೊಂಡಿದ್ದೆ.

ಹಾಗಾದರೆ ದೊಡ್ಡ ಸೋರಿಕೆ ಎಲ್ಲಿ? ಬ್ರೇಕಲ್ಲಿ. 220 ಕಿಲೋ ತೂಕ 80ರಲ್ಲಿ ಓಡುವಾಗ ಅದರ ಚಲನಶಕ್ತಿ 54 ಕಿಲೋಜೂಲ್, 60ರಲ್ಲಿ 31. ಥ್ರಾಟಲ್ ಕೊಟ್ಟು 60ರಿಂದ 80ಕ್ಕೆ ಏರಿಸಿದಾಗ ಖರ್ಚಾದ ಶಕ್ತಿ ಎಲ್ಲೂ ಹೋಗಿಲ್ಲ, ಗಾಡಿಯ ವೇಗದಲ್ಲೇ ಕೂತಿದೆ. ಥ್ರಾಟಲ್ ಬಿಟ್ಟು ಹಾಗೇ ಉರುಳಿದರೆ ಅದರಲ್ಲಿ ಬಹುಪಾಲು ದೂರವಾಗಿ ವಾಪಸ್ ಸಿಗುತ್ತೆ. ಬ್ರೇಕ್ ಒತ್ತಿದಿರೋ, ಅಷ್ಟೂ ಡಿಸ್ಕಿನ ಬಿಸಿಯಾಗಿ ಹೋಯಿತು. 80ರಿಂದ 60ಕ್ಕೆ ಒಮ್ಮೆ ಬ್ರೇಕ್ ಹಿಡಿದರೆ ಕಳೆಯುವ 24 ಕಿಲೋಜೂಲ್‌ನಲ್ಲಿ 70ರ ವೇಗದಲ್ಲಿ ಸುಮಾರು 150 ಮೀಟರ್ ಹೋಗಬಹುದಿತ್ತು. ಕಿಲೋಮೀಟರಿಗೆ ಒಂದು ಸಲ ಹೀಗೆ ಮಾಡಿದರೆ ನೂರಕ್ಕೆ 15ರಷ್ಟು ಶಕ್ತಿ ಬ್ರೇಕ್ ಪ್ಯಾಡಿಗೆ ದಾನ.

ಇಲ್ಲಿ ಜಾಣರು ಒಂದು ಪ್ರಶ್ನೆ ಕೇಳ್ತಾರೆ: ಇಕೋ ಮ್ಯಾರಥಾನ್ ಗಾಡಿಗಳು ಎಂಜಿನ್ ಸ್ವಲ್ಪ ಹೊತ್ತು ಜೋರಾಗಿ ಓಡಿಸಿ, ಆಮೇಲೆ ಆಫ್ ಮಾಡಿ ಉರುಳ್ತಾವಲ್ಲ, ಅವು ಸಮ ಥ್ರಾಟಲ್ ಇಡೋದಿಲ್ಲವಲ್ಲ? ನಿಜ. ಪೆಟ್ರೋಲ್ ಎಂಜಿನ್ ಅರೆತೆರೆದ ಬಾಗಿಲಿನಿಂದ ಗಾಳಿ ಹೀರಲು ಸ್ವಲ್ಪ ಶಕ್ತಿ ಕಳೆದುಕೊಳ್ಳುತ್ತೆ. ಅದಕ್ಕೇ ಕಡಿಮೆ ಹೊರೆಯಲ್ಲಿ ಅದರ ದಕ್ಷತೆ ಕಡಿಮೆ. ಆದರೆ ಅದು ಖಾಲಿ ಟ್ರ್ಯಾಕಿನ ಆಟ. ಹಿಂದೆ ಲಾರಿ ಇರುವ ಹೆದ್ದಾರಿಯಲ್ಲಿ ನ್ಯೂಟ್ರಲ್ ಮಾಡಿ ಉರುಳೋ ಸಾಹಸ ಬೇಡ.

ಒಟ್ಟು ತಾತ್ಪರ್ಯ: ಸಮ ಥ್ರಾಟಲ್ ಅನ್ನೋದು ಕೈಯ ವಿದ್ಯೆಗಿಂತ ಮೊದಲು ಕಣ್ಣಿನ ವಿದ್ಯೆ. ಮುಂದೆ ಲಾರಿ ನಿಧಾನ ಆಗ್ತಿರೋದನ್ನ 200 ಮೀಟರ್ ಮೊದಲೇ ನೋಡಿದವನು ಥ್ರಾಟಲ್ ಸ್ವಲ್ಪ ಸಡಿಲ ಮಾಡ್ತಾನೆ. 40 ಮೀಟರಲ್ಲಿ ನೋಡಿದವನು ಬ್ರೇಕ್ ಹಿಡೀತಾನೆ. ಮಾವ ಇದನ್ನೇ ಹೇಳಿದ್ದು: "ಕಣ್ಣು ದೂರ ಇದ್ರೆ ಕಾಲು ಸುಮ್ನಿರತ್ತೆ ಅಳಿಯಾ." ಅವರಿಗೆ ಕಾಲು, ನಮಗೆ ಕೈ.

4. ನೀವೇ ಒಂದು ಕಂಟ್ರೋಲ್ ಸಿಸ್ಟಮ್

ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್‌ನವರು ಇಲ್ಲಿ ಬನ್ನಿ. ಬೈಕ್ ಓಡಿಸುವಾಗ ನೀವು ಒಂದು ಕ್ಲೋಸ್ಡ್ ಲೂಪ್‌ನ ಒಳಗಿದ್ದೀರಿ. ಕಣ್ಣು ಸೆನ್ಸರ್, ತಲೆ ಕಂಟ್ರೋಲರ್, ಮಣಿಕಟ್ಟು ಆಕ್ಚುಯೇಟರ್, ಎಂಜಿನ್ನು ಮತ್ತು 220 ಕಿಲೋ ತೂಕ ಪ್ಲಾಂಟ್. ಥ್ರಾಟಲ್ ಕೊಟ್ಟ ಕೂಡಲೇ ವೇಗ ಬದಲಾಗಲ್ಲ, ಕೆಲವು ಸೆಕೆಂಡ್ ಬೇಕು. ಇದು ವಿಳಂಬ ಇರುವ ವ್ಯವಸ್ಥೆ. ವಿಳಂಬ ಇರುವಲ್ಲಿ ಗೇನ್ ಹೆಚ್ಚಾದರೆ ಏನಾಗುತ್ತೆ? ಓಲಾಟ.

ಹೊಸ ಸವಾರರು ಮಾಡುವುದು ಇದನ್ನೇ. ಮುಳ್ಳು 66 ತೋರಿಸಿತು, ಜೋರಾಗಿ ಕೊಟ್ಟರು. 75 ಆಯಿತು, ಪೂರ್ತಿ ಬಿಟ್ಟರು. 62 ಆಯಿತು, ಮತ್ತೆ ಕೊಟ್ಟರು. ಹಿಂದೆ ಕೂತವನ ಹೆಲ್ಮೆಟ್ಟು ನಿಮ್ಮ ಹೆಲ್ಮೆಟ್ಟಿಗೆ ಟಕ್ ಟಕ್ ಅಂತ ಬಡಿಯುತ್ತಿದ್ದರೆ ನಿಮ್ಮ ಗೇನ್ ಹೆಚ್ಚಿದೆ ಅಂತ ಅರ್ಥ. ಪರಿಹಾರ ಸರಳ: ಕೂದಲೆಳೆಯಷ್ಟು ತಿರುವಿ, ಮೂರು ಸೆಕೆಂಡ್ ಕಾಯಿರಿ, ಆಮೇಲೆ ಬೇಕಿದ್ದರೆ ಇನ್ನಷ್ಟು.

ಇದರ ಜೊತೆ ಇನ್ನೊಂದು ಲೂಪ್ ಇದೆ, ಅದು ಅಪಾಯದ್ದು. ಗುಂಡಿ ಅಥವಾ ಹಂಪ್ ಮೇಲೆ ಗಾಡಿ ಹಾರಿತು. ದೇಹ ಹಿಂದಕ್ಕೆ ಜಗ್ಗಿತು. ಕೈ ಹ್ಯಾಂಡಲನ್ನು ಬಿಗಿಯಾಗಿ ಹಿಡಿದಿದ್ದರಿಂದ ದೇಹದ ಜೊತೆ ಹಿಂದೆ ಬಂತು, ಬರುವಾಗ ಥ್ರಾಟಲ್ ತಿರುಗಿತು. ಗಾಡಿ ಮುನ್ನುಗ್ಗಿತು, ದೇಹ ಇನ್ನೂ ಹಿಂದೆ ಹೋಯಿತು, ಥ್ರಾಟಲ್ ಇನ್ನೂ ತಿರುಗಿತು. ಅಪ್ಪಟ ಪಾಸಿಟಿವ್ ಫೀಡ್‌ಬ್ಯಾಕ್. ಹೊಸಬರು ಮೊದಲ ದಿನ ಗಾಡಿಯನ್ನು ನೇರ ಕಾಂಪೌಂಡ್ ಗೋಡೆಗೆ ಗುದ್ದೋದು ಹೀಗೇ. "ಬಿಡೋಕೆ ಹೋದೆ, ಅದೇ ಜಾಸ್ತಿ ಆಯ್ತು" ಅಂತಾರಲ್ಲ, ಸುಳ್ಳಲ್ಲ.

ಲೂಪನ್ನು ಕತ್ತರಿಸಬೇಕು. ದೇಹಕ್ಕೆ ಹ್ಯಾಂಡಲ್ ಬಿಟ್ಟು ಬೇರೆ ಆಸರೆ ಕೊಡಿ. ಎರಡೂ ಮಂಡಿಗಳಿಂದ ಟ್ಯಾಂಕನ್ನು ಅವುಚಿಕೊಳ್ಳಿ. ಆಗ ಗಾಡಿ ಹಾರಿದರೂ ಸೊಂಟ ಗಾಡಿಯ ಜೊತೆಗೇ ಇರುತ್ತೆ, ಕೈ ಸ್ವತಂತ್ರವಾಗಿರುತ್ತೆ. ಮೊಣಕೈ ಸ್ವಲ್ಪ ಮಡಿಸಿ ಸಡಿಲ ಬಿಡಿ. ಅದು ಸಸ್ಪೆನ್ಶನ್ ಇದ್ದಂಗೆ, ರಸ್ತೆಯ ಏಟು ಮಣಿಕಟ್ಟಿಗೆ ಮುಟ್ಟೋ ಮುಂಚೆ ನುಂಗುತ್ತೆ.

5. ಕೈ ಯಾಕೆ ಜೋಮು ಹಿಡಿಯುತ್ತೆ?

ಮೊಣಕೈ ಟೇಬಲ್ಲಿಗೆ ತಾಗಿದಾಗ ಕರೆಂಟ್ ಹೊಡೆದಂಗೆ ಆಗುತ್ತಲ್ಲ, ಅದು ಅಲ್ನಾರ್ ಅನ್ನುವ ನರ. ಅದೇ ನರ ಕೆಳಗಿಳಿದು ಅಂಗೈ ಬುಡದಲ್ಲಿ, ಕಿರುಬೆರಳಿನ ಬದಿಯ ದಿಂಡಿನ ಕೆಳಗೆ ಹಾದು ಕಿರುಬೆರಳಿಗೂ ಉಂಗುರಬೆರಳಿನ ಅರ್ಧಕ್ಕೂ ಹೋಗುತ್ತೆ. ನಾವು ಮೈಯ ಭಾರವನ್ನೆಲ್ಲ ಅಂಗೈ ಬುಡದ ಮೇಲೆ ಹಾಕಿ ಕೂತರೆ ಆ ನರ ಒತ್ತಿಕೊಳ್ಳುತ್ತೆ. ದೂರ ಸೈಕಲ್ ತುಳಿಯುವವರಿಗೂ ಇದೇ ತೊಂದರೆ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಅದು ಬೇರೆ ನರ, ಮೀಡಿಯನ್. ಅದು ಮಣಿಕಟ್ಟಿನ ಮಧ್ಯದ ಇಕ್ಕಟ್ಟಾದ ಸುರಂಗದಲ್ಲಿ ಹೋಗುತ್ತೆ. ಮಣಿಕಟ್ಟನ್ನು ತುಂಬಾ ಬಗ್ಗಿಸಿ ಹಿಡಿದರೆ ಸುರಂಗ ಇನ್ನೂ ಇಕ್ಕಟ್ಟಾಗುತ್ತೆ. ಯಾವ ಬೆರಳು ಅನ್ನೋದರ ಮೇಲೆ ತಪ್ಪು ಎಲ್ಲಿದೆ ಅಂತ ಹೇಳಬಹುದು: ಕಿರುಬೆರಳು ಅಂದರೆ ಭಾರ, ನಡುಬೆರಳು ಅಂದರೆ ಬಾಗು.

ಮೇಲಿಂದ ಕಂಪನ. ಒಂದೇ ಸಿಲಿಂಡರಿನ ಎಂಜಿನ್ 5000 ಆರ್‌ಪಿಎಂನಲ್ಲಿ ಸೆಕೆಂಡಿಗೆ 83 ಸಲ ಹ್ಯಾಂಡಲನ್ನು ಅಲುಗಾಡಿಸುತ್ತೆ. ಬಿಗಿಯಾಗಿ ಹಿಡಿದಷ್ಟೂ ಅದು ಕೈಯೊಳಗೆ ಹೆಚ್ಚು ಬರುತ್ತೆ. ಜೋಮು ಹಿಡಿದ ಕೈಗೆ ತಾನು ಎಷ್ಟು ಒತ್ತುತ್ತಿದೆ ಅಂತ ಗೊತ್ತಾಗಲ್ಲ, ಹಾಗಾಗಿ ಇನ್ನೂ ಬಿಗಿ ಹಿಡಿಯುತ್ತೆ. ಇದೂ ಒಂದು ಪಾಸಿಟಿವ್ ಫೀಡ್‌ಬ್ಯಾಕೇ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಜೋಮು ಅನ್ನೋದು ಆಯಾಸದ ವಿಷಯ ಅಲ್ಲ, ಬ್ರೇಕಿನ ವಿಷಯ. ಮುಂದಿನ ಬ್ರೇಕಿಗೂ ಥ್ರಾಟಲ್ಲಿಗೂ ಇರುವುದು ಒಂದೇ ಕೈ. ಮೊದಲ ಬೆರಳು ಜುಮುಗುಟ್ಟಿದ ಕೂಡಲೇ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಟೀ ಅಂಗಡಿ ಬರಲಿ ಅಂತ ಕಾಯಬೇಡಿ. ಕೆಲವು ದಿನ ಆದರೂ ಜೋಮು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

6. ಹಿಡಿಯೋದು ಹೀಗೆ

• ಹ್ಯಾಂಡಲ್ ಗ್ರಿಪ್ಪನ್ನು ಸುತ್ತಿಗೆ ಹಿಡಿದಂಗೆ ಅಡ್ಡಡ್ಡ ಮುಷ್ಟಿ ಕಟ್ಟಬೇಡಿ. ಸ್ಕ್ರೂಡ್ರೈವರ್ ಹಿಡಿದಂಗೆ ಸ್ವಲ್ಪ ಓರೆಯಾಗಿ ಹಿಡಿಯಿರಿ. ಆಗ ಮೊಣಕೈ ಹೊರಗೆ ಬರುತ್ತೆ, ಥ್ರಾಟಲ್ ತಿರುವೋಕೆ ಮಣಿಕಟ್ಟು ಪೂರ್ತಿ ಬಗ್ಗಬೇಕಾಗಿಲ್ಲ.

• ಹೊರಡುವಾಗ ಮಣಿಕಟ್ಟು ತಗ್ಗಿರಲಿ. ಮೇಲೆತ್ತಿ ಹಿಡಿದು ಹೊರಟರೆ ಕೈ ಜಾರಿದಾಗ ಥ್ರಾಟಲ್ ಪೂರ್ತಿ ತೆರೆಯುತ್ತೆ. ಹೆದ್ದಾರಿಗೆ ಬಂದು ವೇಗ ಕೂಡಿಬಂದ ಮೇಲೆ ಒಮ್ಮೆ ಹಿಡಿತ ಬದಲಿಸಿ, ಮಣಿಕಟ್ಟು ಮುಂಗೈಯ ನೇರಕ್ಕೆ ಬರುವಂತೆ ಮಾಡಿಕೊಳ್ಳಿ.

• ಕೈಗೆ ಒಂದು ಲಂಗರು ಕೊಡಿ. ಹೆಬ್ಬೆರಳಿನ ಬದಿಯನ್ನು ಪಕ್ಕದ ಸ್ವಿಚ್ ಪೆಟ್ಟಿಗೆಗೆ ಮೆಲ್ಲಗೆ ಆನಿಸಿ. ಪೆಟ್ಟಿಗೆ ಅಲುಗಾಡಲ್ಲ, ಆದ್ದರಿಂದ ಹಂಪ್ ಬಂದರೂ ಗ್ರಿಪ್ ಎಷ್ಟು ತಿರುಗಿತು ಅಂತ ಬೆರಳಿಗೆ ಗೊತ್ತಾಗುತ್ತೆ. ಕೆಟ್ಟ ರಸ್ತೆಯಲ್ಲಿ ಬೇರೆ ಯಾವ ಉಪಾಯಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತೆ.

• ಒಂದು ಅಥವಾ ಎರಡು ಬೆರಳು ಬ್ರೇಕ್ ಲಿವರ್ ಹತ್ತಿರ ಸಿದ್ಧ ಇರಲಿ, ಒತ್ತುತ್ತಾ ಇರಬೇಡಿ.

• ಹಿಡಿತ ಎಷ್ಟಿರಬೇಕು? ಬಾಳೆಹಣ್ಣು ಹಿಡಿದು ಓಡುವಷ್ಟು. ಬೀಳಬಾರದು, ಜಜ್ಜಲೂಬಾರದು.

• ಮೈಯ ಭಾರ ಹೊಟ್ಟೆ, ಬೆನ್ನು, ಮಂಡಿ, ಫುಟ್‌ಪೆಗ್ ಮೇಲೆ ಹಂಚಿ. ಪರೀಕ್ಷೆ ಸುಲಭ: ಓಡಿಸುವಾಗಲೇ ಎರಡೂ ಅಂಗೈ ಸ್ವಲ್ಪ ಸಡಿಲ ಮಾಡಿ ನೋಡಿ, ಬಿಡಬೇಡಿ. ಮೈ ಮುಂದಕ್ಕೆ ಬಿದ್ದರೆ ಭಾರ ಕೈ ಮೇಲಿದೆ ಅಂತ ಲೆಕ್ಕ.

7. ಗಾಡಿಯ ಕಡೆಯ ತಪ್ಪುಗಳು

ಎಷ್ಟು ಚೆನ್ನಾಗಿ ಹಿಡಿದರೂ ಗಾಡಿ ಜರ್ಕ್ ಹೊಡೀತಿದ್ದರೆ ತಪ್ಪು ಕೈಯದಲ್ಲ. ಮೊದಲು ಕೇಬಲ್ ನೋಡಿ. ಗ್ರಿಪ್ ತಿರುವಿದಾಗ ಏನೂ ಆಗದ ಖಾಲಿ ಆಟ ಸಾಮಾನ್ಯವಾಗಿ 2ರಿಂದ 6 ಮಿ.ಮೀ. ಇರಬೇಕು. ನಿಮ್ಮ ಗಾಡಿಯ ನಿಖರ ಅಂಕಿ ಮ್ಯಾನುಯಲ್‌ನಲ್ಲಿರುತ್ತೆ. ಹೆಚ್ಚಿದ್ದರೆ ಕಂಟ್ರೋಲ್ ಭಾಷೆಯಲ್ಲಿ ಡೆಡ್ ಬ್ಯಾಂಡ್, ಕೈ ಹುಡುಕಾಡುತ್ತೆ. ಏನೂ ಇಲ್ಲದಿದ್ದರೆ ಇನ್ನೂ ಅಪಾಯ. ಎಂಜಿನ್ ನ್ಯೂಟ್ರಲ್‌ನಲ್ಲಿ ಐಡ್ಲಿಂಗ್ ಇರುವಾಗ ಹ್ಯಾಂಡಲನ್ನು ಎಡ ತುದಿಯಿಂದ ಬಲ ತುದಿಗೆ ತಿರುಗಿಸಿ. ಎಂಜಿನ್ ಸದ್ದು ಏರಿದರೆ ಕೇಬಲ್ ಬಿಗಿಯಾಗಿದೆ, ಅಥವಾ ಎಲ್ಲೋ ಸಿಕ್ಕಿಕೊಂಡಿದೆ. ಗ್ರಿಪ್ ಬಿಟ್ಟ ಕೂಡಲೇ ಟಪ್ ಅಂತ ವಾಪಸ್ ಬರಬೇಕು. ನಿಧಾನಕ್ಕೆ ಬಂದರೆ ಆ ಗಾಡಿಯಲ್ಲಿ ಊರಿಗೆ ಹೊರಡಬೇಡಿ.

ಎರಡನೆಯದು ಚೈನ್. ಕಮ್ಯೂಟರ್ ಗಾಡಿಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಸಡಿಲ ಇರುತ್ತೆ. ಅದಕ್ಕಿಂತ ಜೋತುಬಿದ್ದರೆ ಥ್ರಾಟಲ್ ಬಿಟ್ಟಾಗೊಮ್ಮೆ, ಕೊಟ್ಟಾಗೊಮ್ಮೆ ಚೈನ್ ಪಟ್ ಅಂತ ಎಳೆದುಕೊಳ್ಳುತ್ತೆ. ಇಂಜೆಕ್ಷನ್ ಗಾಡಿಗಳಲ್ಲಿ ಇದು ಎದ್ದು ಕಾಣುತ್ತೆ. ಥ್ರಾಟಲ್ ಪೂರ್ತಿ ಬಿಟ್ಟು ಇಳಿಯುವಾಗ ಇಸಿಯು ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತೆ. ಮತ್ತೆ ಕೊಟ್ಟಾಗ ಟಾರ್ಕ್ ಒಮ್ಮೆಗೇ ಬರುತ್ತೆ. ಆದ್ದರಿಂದ ವೇಗ ಇಳಿಸುವಾಗ ಪೂರ್ತಿ ಬಿಡದೆ, ಬಾಗಿಲು ಮುಚ್ಚುವ ಮುಂಚೆ ನಿಲ್ಲಿಸುವುದು ಕಲಿತರೆ ಹಿಂದೆ ಕೂತವರು ಆರಾಮಾಗಿ ನಿದ್ದೆ ಹೊಡೀಬಹುದು. ನಿದ್ದೆ ಹೊಡೀಬಾರದು, ಅದು ಬೇರೆ ಮಾತು.

ಮೂರನೆಯದು ಗೇರು ಮತ್ತು ಆರ್‌ಪಿಎಂ. ಪ್ರತಿ ಗಾಡಿಗೂ ಟಾಪ್ ಗೇರಲ್ಲಿ ಕಂಪನ ಕಡಿಮೆ ಇರುವ ಒಂದು ವೇಗ ಇರುತ್ತೆ. ಅದನ್ನ ಹುಡುಕಿಕೊಳ್ಳಿ. ಬಹಳ ಸಲ ಅದು ನಮ್ಮ ಅಹಂಕಾರದ ವೇಗಕ್ಕಿಂತ ಹತ್ತು ಕಿ.ಮೀ. ಕಡಿಮೆ ಇರುತ್ತೆ. ಹ್ಯಾಂಡಲ್ ತುದಿಯ ಲೋಹದ ಗುಂಡುಗಳು ಚಂದಕ್ಕಲ್ಲ, ಕಂಪನ ಕಡಿಮೆ ಮಾಡೋಕೆ. ಒಂದು ಬಿದ್ದುಹೋಗಿದ್ದರೆ ಹಾಕಿಸಿ.

8. ಗಾಳಿ ಬೀಸುವ ಊರು

ಹಿರಿಯೂರು ಬಿಟ್ಟು ಚಿತ್ರದುರ್ಗದ ಕಡೆ ಹೋಗುವಾಗ ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರಗಳು ಕಾಣ್ತಾವೆ. ಫೋಟೋ ತೆಗೆಯೋಕೆ ಚೆನ್ನಾಗಿವೆ, ಆದರೆ ಅವು ಒಂದು ಎಚ್ಚರಿಕೆ ಬೋರ್ಡು ಕೂಡ. ಗಾಳಿ ಇಲ್ಲದ ಕಡೆ ಯಾರೂ ಅವನ್ನು ನಿಲ್ಲಿಸಲ್ಲ. ಎದುರಿನಿಂದ 20 ಕಿ.ಮೀ. ವೇಗದ ಗಾಳಿ ಇದ್ದರೆ 70ರಲ್ಲಿ ಹೋಗುತ್ತಿರುವ ನಿಮಗೆ ಗಾಳಿ 90ರದ್ದು. ಗಾಳಿಯ ಬಲ 125ರಿಂದ 206 ನ್ಯೂಟನ್‌ಗೆ ಏರುತ್ತೆ. ಇಲ್ಲಿ ಥ್ರಾಟಲ್ ಹಿಂಡಿ 70 ಉಳಿಸಿಕೊಳ್ಳಲು ಹೋಗಬೇಡಿ, 60ಕ್ಕೆ ಇಳಿಯಲಿ ಬಿಡಿ.

ಪಕ್ಕದ ಗಾಳಿಗೆ, ಲಾರಿ ದಾಟುವಾಗ ಬರುವ ತಳ್ಳಾಟಕ್ಕೆ ಕೈ ತಾನಾಗಿ ಬಿಗಿಯಾಗುತ್ತೆ. ಬಿಗಿಯಾದ ಕೈ ಥ್ರಾಟಲನ್ನೂ ಅಲುಗಾಡಿಸುತ್ತೆ. ಮಂಡಿ ಬಿಗಿ, ಕೈ ಸಡಿಲ: ಈ ನಾಲ್ಕು ಪದ ನೆನಪಿದ್ದರೆ ಸಾಕು.

9. ಯಾವಾಗ ಹಿಡಿಯಬಾರದು?

ಸಮ ಥ್ರಾಟಲ್ ಅನ್ನೋದು ಹಟ ಅಲ್ಲ. ಊರೊಳಗೆ, ಕ್ರಾಸಲ್ಲಿ, ಡಿವೈಡರ್ ಸಂದಿ ಕಂಡಲ್ಲಿ, ಮಳೆಯಲ್ಲಿ, ರಾತ್ರಿ ಅದಕ್ಕೆ ಜಾಗ ಇಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್ ಬಿಡೋದಿಲ್ಲ, ನಾವು ಹೋಗಬೇಕಾದ್ದು ಸರ್ವಿಸ್ ರಸ್ತೆಯಲ್ಲಿ. ಅಲ್ಲಿ ಹಸು, ಆಟೋ, ಶಾಲೆ ಮಕ್ಕಳು ಎಲ್ಲ ಇರ್ತಾರೆ. ಅಲ್ಲಿ ಥ್ರಾಟಲ್ ಅಲ್ಲ, ಬ್ರೇಕಿನ ಮೇಲೆ ಬೆರಳು ಸಮವಾಗಿರಬೇಕು. ಘಾಟಿ ಇಳಿಯುವಾಗ ಸಣ್ಣ ಗೇರಿಗೆ ಹಾಕಿ ಎಂಜಿನ್ ಹಿಡಿತದಲ್ಲಿ ಇಳಿಸಿ. ತಿರುವಿನ ಮುಂಚೆಯೇ ವೇಗ ಇಳಿಸಿಕೊಂಡು, ತಿರುವಿನ ಒಳಗೆ ಥ್ರಾಟಲ್ ಸಮವಾಗಿಟ್ಟರೆ ಗಾಡಿ ಕದಲದೆ ತಿರುಗುತ್ತೆ.

ಗ್ರಿಪ್ಪಿಗೆ ಸಿಕ್ಕಿಸುವ, ಅಂಗೈಯಿಂದ ಒತ್ತುವ ಪ್ಲಾಸ್ಟಿಕ್ ಪಟ್ಟಿಗಳು ಸಿಗ್ತಾವೆ. ಬೆರಳಿಗೆ ಆರಾಮ ಕೊಡೋದು ನಿಜ. ಆದರೆ ಟ್ರಾಫಿಕ್‌ನಲ್ಲಿ ಬ್ರೇಕ್ ಹಿಡಿಯುವಾಗ ಅಂಗೈ ತಾಗಿ ಥ್ರಾಟಲ್ಲೂ ತೆರೆಯಬಹುದು. ಊರು ಬಂದ ಕೂಡಲೇ ಪಕ್ಕಕ್ಕೆ ತಿರುಗಿಸಿಬಿಡಿ. ಗ್ರಿಪ್ಪನ್ನೇ ಬಿಗಿಮಾಡಿ ನಿಲ್ಲಿಸುವ ಲಾಕು, ರಬ್ಬರ್ ಬ್ಯಾಂಡು, ದಾರ ಇಂಥ ಜುಗಾಡು ಬೇಡವೇ ಬೇಡ. ಕೈ ಬಿಟ್ಟಾಗ ಥ್ರಾಟಲ್ ಮುಚ್ಚಿಕೊಳ್ಳಬೇಕು ಅನ್ನೋದು ಇಡೀ ಗಾಡಿಯ ವಿನ್ಯಾಸದಲ್ಲಿರುವ ಮೊದಲ ರಕ್ಷಣೆ. ನೂರು ರೂಪಾಯಿಯ ಲಾಕಿಗೆ ಅದನ್ನ ಮಾರಬೇಡಿ.

10. ಹತ್ತು ನಿಮಿಷದ ಅಭ್ಯಾಸ

ಭಾನುವಾರ ಬೆಳಿಗ್ಗೆ ಖಾಲಿ, ನೇರ ರಸ್ತೆಗೆ ಹೋಗಿ. 50ರ ವೇಗಕ್ಕೆ ಬನ್ನಿ. ಮೊದಲ ಎರಡು ನಿಮಿಷ ಮೀಟರ್ ನೋಡದೆ ಎಂಜಿನ್ ಸದ್ದು ಕೇಳಿ ವೇಗ ಹಿಡಿಯಿರಿ, ಕಣ್ಣು ರಸ್ತೆಯ ದೂರಕ್ಕಿರಲಿ. ಆಮೇಲೆ ಒಮ್ಮೆ ಮೀಟರ್ ನೋಡಿ: ಎಷ್ಟು ತಪ್ಪಿತು? ಮುಂದಿನ ಎರಡು ನಿಮಿಷ ಮಂಡಿ ಅವುಚಿ, ಹೆಬ್ಬೆರಳು ಲಂಗರು ಹಾಕಿ, ಅದನ್ನೇ ಮಾಡಿ. ವ್ಯತ್ಯಾಸ ನಿಮಗೇ ಗೊತ್ತಾಗುತ್ತೆ. ಕೊನೆಗೆ ಬ್ರೇಕ್ ಮುಟ್ಟದೆ, ಥ್ರಾಟಲ್ ಮಾತ್ರ ಸಡಿಲ ಮಾಡಿ, ಮೊದಲೇ ಗುರುತು ಮಾಡಿಕೊಂಡ ಮರದ ಹತ್ತಿರ 30ಕ್ಕೆ ಇಳಿಯೋಕೆ ನೋಡಿ. ನಾಲ್ಕು ಸಲ ಮಾಡಿದರೆ ಗಾಡಿ ಎಷ್ಟು ದೂರ ಉರುಳುತ್ತೆ ಅಂತ ಮೈಗೆ ಗೊತ್ತಾಗುತ್ತೆ.

ದೂರ ಹೊರಟಾಗ ಗಂಟೆಗೊಮ್ಮೆ ನಿಲ್ಲಿ. ಕೈ ಕೊಡವಿ, ಬೆರಳು ಅಗಲಿಸಿ ಮುಷ್ಟಿ ಕಟ್ಟಿ, ನೀರು ಕುಡಿಯಿರಿ. ಐದು ನಿಮಿಷ ಸಾಕು. ದಾವಣಗೆರೆಗೆ ಮೂರು ನಿಲುಗಡೆ ಅಂದರೆ ಹದಿನೈದು ನಿಮಿಷ.

ವಾಪಸ್ ಬರುವಾಗ ನಾವು ಹಾಗೇ ಬಂದೆವು. ಚಿತ್ರದುರ್ಗ, ಹಿರಿಯೂರು, ಶಿರಾ, ಮೂರು ಕಡೆ ನಿಲ್ಲಿಸಿದೆವು. 65–70ರ ವೇಗ. ಆ ಡಿವೈಡರ್ ಸಂದಿ ಬಂದಾಗ ಹಿಂದಿನಿಂದ ರೂಮ್‌ಮೇಟ್ ನನ್ನ ಭುಜ ತಟ್ಟಿದ. ನಾನು ಆಗಲೇ ಥ್ರಾಟಲ್ ಸಡಿಲ ಮಾಡಿದ್ದೆ, ಎರಡು ಬೆರಳು ಲಿವರ್ ಮೇಲಿದ್ದವು. ಅಡ್ಡ ಯಾರೂ ಬರಲಿಲ್ಲ. ಹಾಸ್ಟೆಲ್ ತಲುಪಿದಾಗ ಹೋಗುವಾಗಿನದಕ್ಕಿಂತ ಮುಕ್ಕಾಲು ಗಂಟೆ ತಡ ಆಗಿತ್ತು. ಮೆಸ್ಸಲ್ಲಿ ಊಟ ಮುಗಿದಿತ್ತು. ಆದರೆ ಹೊರಗೆ ಹೋಗಿ ತಿಂದ ಇಡ್ಲಿಯ ಬಿಸಿ ಐದೂ ಬೆರಳಿಗೆ ಗೊತ್ತಾಗ್ತಿತ್ತು.

ಮುಂದಿನ ಸಲ ಊರಿಗೆ ಹೋಗಿ ಬಂದ ಮೇಲೆ ನಿಮ್ಮ ಗಾಡಿಯ ಲೆಕ್ಕ ನಮಗೂ ಹೇಳಿ: ಯಾವ ವೇಗ, ಎಷ್ಟು ಲೀಟರ್, ಯಾವ ಬೆರಳು. ಸಂಘದ ಕೋಣೆಯ ಬೋರ್ಡಲ್ಲಿ ಜಾಗ ಬಿಟ್ಟಿರ್ತೀವಿ.